ಮತ್ತೆರಡು

ನನ್ನಣ್ಣನಿಗೆ ಹೆತ್ತವರು ಇಟ್ಟ ಹೆಸರು ಈಗ ಯಾರಿಗೂ ನೆನಪಿಲ್ಲ. ಬೀದಿಯವರೆಲ್ಲ ಅವನನ್ನು ಎರಡಿಂಚು ಎನ್ನುತ್ತಾರೆ. "ಎರಡಿಂಚು ಅಂಗಡಿ ತೆಗ್ದಿದೆಯಾ?" "ಎರಡಿಂಚಿನ ಹತ್ರ ಕೊಟ್ಟಿದೀನಿ, ನಾಳೆ ಸಿಗುತ್ತೆ." ಎದುರುಗಡೆಯ ಬೀಗ ರಿಪೇರಿಯವನಂತೂ ಮುಖದ ಮುಂದೆಯೇ ಹಾಗೆ ಕರೆಯುತ್ತಾನೆ, ಇವನು "ಏನಪ್ಪಾ" ಎಂದು ಓಗೊಡುತ್ತಾನೆ. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ತನ್ನ ಪಾಲಿನ ಸಿಟ್ಟನ್ನೂ ನನಗೇ ಬಿಟ್ಟುಕೊಟ್ಟು ಹುಟ್ಟಿದ ಮಹಾರಾಯ ಅವನು.

ಅಣ್ಣ ದರ್ಜಿ. ಮಕ್ಕಳ ಬಟ್ಟೆ ಬಿಟ್ಟು ಬೇರೆ ಹೊಲಿಯುವುದಿಲ್ಲ. ಯಾವ ಮಗುವಿನ ಬಟ್ಟೆಯೇ ಆಗಲಿ, ಕೆಳಗಿನ ಅಂಚಿನಲ್ಲೂ ತೋಳಿನ ತುದಿಯಲ್ಲೂ ಎರಡಿಂಚು ಹೆಚ್ಚಿಗೆ ಬಿಟ್ಟು ಒಳಕ್ಕೆ ಮಡಿಸಿಯೇ ಹೊಲಿಯುವುದು. ಮಗು ಬೆಳೆದರೆ ಮಡಿಕೆ ಬಿಚ್ಚಿದರಾಯಿತು, ಅದೇ ಅಂಗಿ ಇನ್ನೊಂದು ವರ್ಷ ಬರುತ್ತದೆ. ಎಲ್ಲ ದರ್ಜಿಗಳೂ ಒಂದಿಷ್ಟು ಬಿಡುತ್ತಾರೆ ಅನ್ನಿ. ಇವನಿಗೆ ಮಾತ್ರ ಅದು ಹಟ. ಬಟ್ಟೆ ಸಾಲದಿದ್ದರೆ "ಇನ್ನೂ ಅರ್ಧ ಮೀಟರ್ ತನ್ನಿ" ಎಂದು ಬಂದವರನ್ನು ವಾಪಸ್ ಕಳಿಸುತ್ತಾನೆ. ಊರ ಮಕ್ಕಳಿಗೆಲ್ಲ ಇಷ್ಟು ಚೊಕ್ಕವಾಗಿ ಅಳತೆ ತೆಗೆಯುವವನು ತನಗೆಂದು ಬಂದ ಸಂಬಂಧಗಳನ್ನು ಅಳೆದೂ ಸುರಿದೂ ಕೊನೆಗೆ ಮದುವೆಯನ್ನೇ ಆಗಲಿಲ್ಲ.

ನಾನು ಅವನ ತಂಗಿ. ನನ್ನ ಗಂಡ ತೀರಿಕೊಂಡ ಮೇಲೆ ಅಂಗಡಿಗೆ ಬಂದು ಕುಳಿತವಳು, ಹದಿನೇಳು ವರ್ಷವಾಯಿತು. ಕತ್ತರಿಸುವುದು, ಮಿಷನ್ ತುಳಿಯುವುದು ಅವನು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು, ಇಸ್ತ್ರಿ ಮಾಡುವುದು ನಾನು. ಅಳತೆ ಬರೆದುಕೊಳ್ಳುವುದೂ ನಾನೇ. ಅಂಗಡಿಯ ಕನ್ನಡಿ ಮಕ್ಕಳ ಎತ್ತರಕ್ಕೆ ತಕ್ಕಂತೆ ಕೆಳಗಿದೆ, ಅದರ ಮುಂದೆ ಒಂದು ಮರದ ಮಣೆ. ಮಗುವನ್ನು ಮಣೆಯ ಮೇಲೆ ನಿಲ್ಲಿಸಿ ಟೇಪು ಹಿಡಿದು ಅವನು ಕೂಗುತ್ತಾನೆ, "ತೋಳು, ಹದಿನಾಲ್ಕು!" ನಾನು ಬರೆದುಕೊಂಡು ತಿರುಗಿ ಕೂಗಬೇಕು, "ಮತ್ತೆರಡು!" ನಾನು ಹಾಗೆನ್ನುವವರೆಗೂ ಆಸಾಮಿ ಟೇಪು ಕದಲಿಸುವುದಿಲ್ಲ. ಮಕ್ಕಳಿಗೆ ಇದೊಂದು ಆಟ. ನನಗೆ ಎಷ್ಟೋ ಸಲ ತಲೆನೋವು. ಆದರೂ ಹದಿನೇಳು ವರ್ಷ ಕೂಗಿದ್ದೇನೆ.

ಇದು ಅಣ್ಣನ ಕಥೆ ಎಂದೇ ಹೇಳಲು ಕುಳಿತಿದ್ದೇನೆ. ನಡುವೆ ನಾನು ಬರುತ್ತೇನೆ. ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಹಿಂದಿನ ಬೀದಿಯಲ್ಲಿ ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ ಇದ್ದಾಳೆ. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವಳು. ವರ್ಷದ ಕೊನೆಯ ರಜೆಯಲ್ಲಿ ಬೇರೆ ಮಕ್ಕಳೆಲ್ಲ ಆಡಿಕೊಂಡು ತಿರುಗುತ್ತಿರುವಾಗ ಆ ವಾರ್ಡಿನ ಮಕ್ಕಳು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರುತ್ತಾರಲ್ಲ, ಅವರಿಗೆ ರಜೆಯ ಉಡುಗೊರೆ ಕೊಡಿಸುವುದು ಅವಳ ಕೆಲಸ. ಏನು ಬೇಕೆಂದು ಒಂದೊಂದು ಮಗುವಿನಿಂದಲೂ ಚೀಟಿ ಬರೆಸಿಕೊಂಡು ಬಂದು, ನಮ್ಮಂಥವರ ಪ್ರಾಣ ತಿಂದು ಒದಗಿಸುತ್ತಾಳೆ. ಆಟದ ಸಾಮಾನು ಸುಲಭ. ಬಟ್ಟೆ ಕೇಳಿದವರದ್ದೇ ಕಷ್ಟ. ಅಂಗಡಿಯ ಸಿದ್ಧ ಉಡುಪು ಆ ಮಕ್ಕಳಿಗೆ ಆಗುವುದಿಲ್ಲ. ಒಬ್ಬನಿಗೆ ಹೊಟ್ಟೆ ಊದಿದೆ, ಒಬ್ಬಳಿಗೆ ಎದೆಯ ಹತ್ತಿರ ನಳಿಕೆ, ಇನ್ನೊಬ್ಬನಿಗೆ ಕೈಯಲ್ಲಿ ಸೂಜಿ ಚುಚ್ಚಿಯೇ ಇದೆ, ತೋಳು ತೂರಿಸುವುದು ಹೇಗೆ?

"ಎರಡಿಂಚು, ನೀನೇ ಬರ್ಬೇಕಪ್ಪಾ," ಎಂದು ಬಂದು ನಿಂತಳು.

ಅಣ್ಣ ಹೊರಟ. ಬರೆದುಕೊಳ್ಳಲು ನಾನೂ ಹೊರಟೆ. ವಾರ್ಡಿನಲ್ಲಿ ಬಿಳಿ ಗೋಡೆ, ಸಾಲು ಹಾಸಿಗೆ, ಔಷಧಿಯ ವಾಸನೆ. ಟೇಪು ತೆಗೆದ ಕೂಡಲೇ ಮೊದಲನೇ ಹುಡುಗ ಕೈ ಹಿಂದಕ್ಕೆಳೆದುಕೊಂಡ. "ಇದು ಚುಚ್ಚಲ್ಲ ರಾಜಾ, ಇದಕ್ಕೆ ಹಲ್ಲೇ ಇಲ್ಲ," ಎಂದು ಅಣ್ಣ ಟೇಪನ್ನು ತನ್ನ ಮೂಗಿಗೇ ಸುತ್ತಿಕೊಂಡು ತೋರಿಸಿದ. ಹುಡುಗ ನಕ್ಕು ಕೈ ಕೊಟ್ಟ.

"ತೋಳಿನ ಸುತ್ತು, ಐದು."

ನಾನು ಪೆನ್ಸಿಲ್ ಎತ್ತಿದೆ. "ಸರಿಯಾಗಿ ನೋಡು."

"ಐದೇ."

ಹುಡುಗನಿಗೆ ಎಂಟು ವರ್ಷ. ಎರಡು ವರ್ಷದ ಕೂಸಿಗೂ ಆರು ಬರುತ್ತದೆ. ನನ್ನ ಕೈಗೆ ಆ ಐದನ್ನು ಬರೆಯಲಾಗಲಿಲ್ಲ. ಅಣ್ಣ ನನ್ನ ಮುಖ ನೋಡುತ್ತ ಟೇಪು ಹಿಡಿದೇ ಇದ್ದ. ಕೊನೆಗೆ ಬರೆದೆ. ಅವನು ಉದ್ದ ಕೂಗಿದಾಗ "ಮತ್ತೆರಡು" ಎಂದೂ ಅಂದೆ, ಅಭ್ಯಾಸ ನೋಡಿ.

ಆ ಹುಡುಗ ಕೇಳಿದ್ದು ವಿಮಾನ ಓಡಿಸುವವರ ಅಂಗಿ. ಅಣ್ಣ ಹೆಗಲ ಮೇಲೆ ಮೂರು ಚಿನ್ನದ ಬಣ್ಣದ ಪಟ್ಟಿ ಹಾಕಿದ. ಎಡದ ತೋಳನ್ನು ಮಣಿಕಟ್ಟಿನಿಂದ ಹೆಗಲವರೆಗೆ ಸೀಳಿ ಒತ್ತುಗುಂಡಿ ಇಟ್ಟ, ಸೂಜಿ ತೆಗೆಯದೆಯೇ ತೊಡಿಸುವ ಹಾಗೆ. ಉಡುಗೊರೆ ಕೊಡುವ ದಿನ ಹುಡುಗ ಅದನ್ನು ತೊಟ್ಟು ಹಾಸಿಗೆಯ ಮೇಲೆ ಎದ್ದು ಕುಳಿತ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನಮ್ಮವನು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಅಂಗಡಿಯಲ್ಲಿ ಎಲ್ಲ ತಾಯಂದಿರಿಗೂ ಹೇಳುವ ಮಾತನ್ನೇ, ಅದೇ ಹಿಗ್ಗಿನಲ್ಲಿ, ಪಕ್ಕದಲ್ಲಿದ್ದ ಆ ಹುಡುಗನ ತಾಯಿಗೂ ಹೇಳಿಬಿಟ್ಟ.

"ಒಳಗೆ ಎರಡಿಂಚು ಬಿಟ್ಟಿದೀನಿ ತಾಯಿ. ಮುಂದಿನ ವರ್ಷ ಬಿಚ್ಚಿಸ್ಕೊಳ್ಳಿ."

ಆ ಹೆಂಗಸು ಅಳಲಿಲ್ಲ, ಕೂಗಲಿಲ್ಲ. ಬಗ್ಗಿ ಅಂಗಿಯ ಅಂಚನ್ನು ತಿರುಗಿಸಿ ಒಳಗಿನ ಮಡಿಕೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಅಣ್ಣನನ್ನು ನೋಡಿ, ದಾರಿ ವಿಚಾರಿಸುವವರ ದನಿಯಲ್ಲಿ ಕೇಳಿದಳು, "ಯಾವ ಮುಂದಿನ ವರ್ಷ?"

ದೇವರೇ! ಹದಿನೈದು ಜನರಿದ್ದ ಕೋಣೆಯಲ್ಲಿ ಔಷಧಿ ಇಳಿಸುವ ಯಂತ್ರದ ಟಿಕ್ ಟಿಕ್ ಕಿವಿಗೆ ಹೊಡೆಯಿತು. ಆ ದಿನ ಬೆಳಿಗ್ಗೆಯೇ ದೊಡ್ಡ ಡಾಕ್ಟರು ಆ ತಾಯಿಯನ್ನು ಕರೆದು ಇನ್ನೇನೂ ಮಾಡಲಾಗದೆಂದು ಹೇಳಿದ್ದರಂತೆ. ನಮಗೆ ಅದು ಗೊತ್ತಾದದ್ದು ಆಮೇಲೆ. ಅಣ್ಣನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ, ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಉಗಿದೆ.

"ನಿನ್ನ ಬಾಯಿಗೆ ಬೀಗ ಹಾಕ! ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಅಷ್ಟೂ ತಿಳಿಯಲ್ವಾ ನಿನಗೆ? ಎಲ್ಲಿ ಏನು ಆಡ್ಬೇಕು ಅಂತ ಗೊತ್ತಿಲ್ಲದವನು ಬಂದದ್ದಾದ್ರೂ ಯಾಕೆ?"

ಅವನು ಮೆಟ್ಟಿಲ ಮೇಲೆ ಕುಳಿತ.

ಮೂರನೇ ವಾರ ಹುಡುಗ ಹೋದ. ಆ ಅಂಗಿಯಲ್ಲೇ ಕಳಿಸಿದರಂತೆ, ಮಡಿಕೆ ಮಡಿಕೆಯಾಗಿಯೇ ಇತ್ತು. ನರ್ಸಮ್ಮ ಬಂದು ಹೇಳಿದ ದಿನ ಅಣ್ಣ ಮಿಷನ್ನಿಗೆ ಬಟ್ಟೆ ಮುಚ್ಚಿ ಮನೆಗೆ ಹೋದವನು ಎರಡು ದಿನ ಅಂಗಡಿಗೆ ಬರಲಿಲ್ಲ.

ಮುಗಿಯಿತು, ಇನ್ನು ಅಣ್ಣ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡೆ. ಮುಂದಿನ ವರ್ಷ ನರ್ಸಮ್ಮ ಕರೆಯುವ ಮೊದಲೇ ಟೇಪು ಜೇಬಿಗಿಟ್ಟುಕೊಂಡು ಸಿದ್ಧನಾಗಿದ್ದ.

"ಹೋಗ್ತೀನಿ. ಬಾಯಿ ಮಾತ್ರ ಬಿಡಲ್ಲ," ಎಂದ.

"ಬಾಯಿ ಬಿಡದಿದ್ರೆ ಸಾಲ್ದು. ಬಟ್ಟೆನೂ ಬಿಡ್ಬೇಡ. ಆ ತಾಯಿ ಮಡಿಕೆ ಸವರಿದ್ದು ನೋಡ್ಲಿಲ್ವಾ? ಇನ್ನೊಬ್ಬಳಿಗೆ ಅದು ಬೇಕಾ?"

"ಅದು ನನ್ನ ಕೈಲಿ ಆಗಲ್ಲ."

"ಯಾಕಾಗಲ್ಲ?"

"ಮಗು ಅಂದ್ಮೇಲೆ ಬೆಳೀಬೇಕು," ಎಂದ. ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು.

ಆ ವರ್ಷ ಒಂಬತ್ತು ಮಕ್ಕಳು. ಅವರಲ್ಲೊಬ್ಬಳು ಕಿಟಕಿಯ ಪಕ್ಕದ ಹಾಸಿಗೆಯ ಹುಡುಗಿ. ಏಳು ವರ್ಷ, ತಲೆಯಲ್ಲಿ ಒಂದು ಕೂದಲಿಲ್ಲ, ಬಾಯಿ ಮಾತ್ರ ಮೂರು ಜನರದ್ದು. ಚೀಟಿಯಲ್ಲಿ ಬರೆದಿದ್ದಳು: ಕೆಂಪು ಕೋಟು, ನಾಲ್ಕು ಜೇಬು.

"ನಾಲ್ಕ್ಯಾಕಮ್ಮಾ?" ಅಣ್ಣ ಕೇಳಿದ.

"ಆಸ್ಪತ್ರೆ ಅಂಗಿಗೆ ಒಂದೂ ಇಲ್ಲ. ನನ್ನ ಸಾಮಾನೆಲ್ಲ ಇವರು ಎತ್ತಿಟ್ಟುಬಿಡ್ತಾರೆ. ಮನೆಗೆ ಹೋಗೋವಾಗ ಕೋಟು ಹಾಕ್ಕೊಂಡು, ಎಲ್ಲಾ ತುಂಬ್ಕೊಂಡು ಹೋಗ್ತೀನಿ."

ಮನೆಗೆ ಹೋಗುವ ಮಾತು ಬಂದದ್ದೇ ಅವಳ ತಾಯಿ ಕಿಟಕಿಯ ಕಡೆ ತಿರುಗಿದಳು. ನರ್ಸಮ್ಮ ನೆಲ ನೋಡಿದಳು. ನಾನು ಇಬ್ಬರನ್ನೂ ನೋಡಿದೆ. ಆ ಹುಡುಗಿ ಕೋಟು ತೊಟ್ಟು ಮನೆಗೆ ಹೋಗುತ್ತಾಳೋ ಇಲ್ಲವೋ ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ನನಗೆ ಗೊತ್ತಾಗಿಹೋಯಿತು. ಗೊತ್ತಾಯಿತು ಎಂದುಕೊಂಡೆ. ನಾನು ಬುದ್ಧಿವಂತೆಯಲ್ಲವೇ!

"ತೋಳು, ಹದಿಮೂರೂವರೆ!"

"ಮತ್ತೆರಡು!" ಎಂದೆ. ಬಾಯಲ್ಲಿ ಅಂದೆ.

ಅಣ್ಣ ಕತ್ತರಿಸಿ, ಮಿಷನ್ ಹಾಕಿ, ಒಂಬತ್ತು ಬಟ್ಟೆಗಳನ್ನೂ ಅಂಚು ಮಡಿಸಲು ನನ್ನ ಮುಂದಿಟ್ಟು ಗುಂಡಿ ತರಲು ಪೇಟೆಗೆ ಹೋದ. ಮಧ್ಯಾಹ್ನ ಮೂರು ಗಂಟೆ. ಮೊದಲು ಕೆಂಪು ಕೋಟನ್ನು ತೆಗೆದುಕೊಂಡೆ. ತೋಳಿನ ತುದಿಯಲ್ಲಿ ಮಡಿಸಲು ಎರಡೂವರೆ ಇಂಚು ಬಿಟ್ಟಿದ್ದ. ಹೋದ ವರ್ಷದ ಆ ತಾಯಿಯ ಬೆರಳು ಕಣ್ಣ ಮುಂದೆ ಬಂತು. ಅರ್ಧ ಇಂಚು ಉಳಿಸಿ ಎರಡಿಂಚನ್ನೂ ಕತ್ತರಿಸಿದೆ. ಇನ್ನೊಂದು ತೋಳು. ಕೆಳಗಿನ ಅಂಚು. ಆಮೇಲೆ ಉಳಿದ ಎಂಟು. ಮೆತ್ತಗಿರಲಿ ಎಂದು ಆ ಬಟ್ಟೆಗಳಿಗೆಲ್ಲ ಒಳಗಡೆ ಲೈನಿಂಗ್ ಇತ್ತು, ಅದನ್ನು ಎಳೆದು ಹೊಲಿದುಬಿಟ್ಟರೆ ಒಳಗೆ ಏನಿದೆ ಏನಿಲ್ಲ ಎಂದು ಹೊಲಿದವನಿಗೂ ಕಾಣುವುದಿಲ್ಲ. ದಯೆಯಿಂದ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಒಂದು ಹೊಲಿಗೆಯೂ ಓರೆಯಾಗಲಿಲ್ಲ.

ಕತ್ತರಿಸಿದ ಪಟ್ಟಿಗಳನ್ನು ಎಸೆಯಲು ಮನಸ್ಸಾಗಲಿಲ್ಲ, ಅಷ್ಟು ಒಳ್ಳೆಯ ಬಟ್ಟೆ. ಕೆಂಪು ಪಟ್ಟಿಗಳನ್ನು ಜೋಡಿಸಿ, ಉಳಿದ ಮಕ್ಕಳ ಪಟ್ಟಿಗಳನ್ನೇ ಒಳಗೆ ತುರುಕಿ, ಸೂಜಿ ಚುಚ್ಚಿಡಲು ಒಂದು ಪುಟ್ಟ ದಿಂಬು ಮಾಡಿ ಮಣಿಕಟ್ಟಿಗೆ ಕಟ್ಟಿಕೊಂಡೆ. ದರ್ಜಿ ಅಂಗಡಿಯಲ್ಲಿ ಚಿಂದಿ ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ?

ಕೊಡುವ ದಿನ ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿ ಕೋಟು ತೊಟ್ಟು ನಾಲ್ಕೂ ಜೇಬಿಗೆ ಒಂದಾದ ಮೇಲೊಂದು ಕೈ ಹಾಕಿ ನೋಡಿದಳು. ತಾಯಿ ಅಂಚು ತಿರುಗಿಸಿ ನೋಡಿದಳು. ಲೈನಿಂಗ್ ಬಿಟ್ಟರೆ ಏನೂ ಕಾಣಲಿಲ್ಲ. ನೋಡು, ನಾನು ಮಾಡಿದ್ದೇ ಸರಿ ಎಂದು ಒಳಗೊಳಗೇ ಬೀಗಿದೆ.

ಆ ವರ್ಷ ಆ ಮಕ್ಕಳ ಸುದ್ದಿಯನ್ನು ನಾನು ಕೇಳಲಿಲ್ಲ. ಅಣ್ಣ ಕೇಳಲು ಹೋದರೂ ತಡೆದೆ. "ಕೇಳಿ ಏನ್ಮಾಡ್ತೀಯಾ? ಮತ್ತೆ ಎರಡು ದಿನ ಅಂಗಡಿ ಮುಚ್ತೀಯಾ?" ಎಂದೆ. ನರ್ಸಮ್ಮನೂ ಮಗಳ ಬಾಣಂತನಕ್ಕೆಂದು ದೂರ ಹೋಗಿದ್ದಳು. ಮುಂದಿನ ರಜೆಗೂ ಅವಳು ಹಿಂತಿರುಗದ್ದರಿಂದ ಆ ಸಲ ಉಡುಗೊರೆಯ ಕೆಲಸವೇ ನಡೆಯಲಿಲ್ಲ.

ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಗುಂಡಿ ಹೊಲಿಯುತ್ತ ಕುಳಿತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು, ಜೊತೆಗೊಂದು ಹುಡುಗಿ. ಕಿವಿ ಮುಚ್ಚುವಷ್ಟು ಕೂದಲು, ಮುಂದಿನ ಹಲ್ಲೊಂದು ಅರ್ಧ ಹುಟ್ಟಿದೆ. ಗುರುತು ಹತ್ತಲಿಲ್ಲ. ಆಮೇಲೆ ಕೋಟು ಕಂಡಿತು. ಕೆಂಪು. ನಾಲ್ಕು ಜೇಬು. ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ನಿಂತಿದೆ.

ಸತ್ತವರು ಎದ್ದು ಬಂದದ್ದನ್ನು ಕಂಡವಳ ಹಾಗೆ ಬಾಯಿ ತೆರೆದು ಕುಳಿತೆ. ಅವಳನ್ನು ಸಾಯಿಸಿದ್ದವಳು ನಾನೇ ತಾನೇ! ನಿಜ ಹೇಳುತ್ತೇನೆ, ನನಗೆ ಮೊದಲು ಸಂತೋಷವಾಗಲಿಲ್ಲ. ಮೊದಲು ನೆನಪಾದದ್ದು ಕತ್ತರಿ.

ಅಣ್ಣ ಮಿಷನ್ ಬಿಟ್ಟು ಓಡಿದ. ಹದಿನೇಳು ವರ್ಷದಲ್ಲಿ ಅವನು ಓಡಿದ್ದನ್ನು ನಾನು ಕಂಡಿರಲಿಲ್ಲ. "ಬಂದ್ಯಾ? ಬಂದ್ಯಾ ತಾಯೀ?" ಎಂದು ಅದನ್ನೇ ನಾಲ್ಕು ಸಲ ಅಂದ.

"ಬಿಚ್ಕೊಡಿ," ಎಂದು ಹುಡುಗಿ ಎರಡೂ ಕೈ ಚಾಚಿದಳು. "ನರ್ಸಜ್ಜಿ ಹೇಳಿದ್ರು, ನೀವು ಒಳಗೆ ಎರಡಿಂಚು ಬಚ್ಚಿಟ್ಟಿರ್ತೀರಂತೆ."

"ಇಟ್ಟಿದೀನಿ, ಇಟ್ಟಿದೀನಿ!"

"ಇವತ್ತು ಬೇಡ," ನಾನು ಎದ್ದೆ. "ಬಿಟ್ಟು ಹೋಗ್ಲಿ. ನಾನು ನಿಧಾನಕ್ಕೆ ಬಿಚ್ಚಿಡ್ತೀನಿ."

"ನಿಧಾನ ಎಂಥದ್ದು? ಮಗು ಕಣ್ಮುಂದೆನೇ ಬಿಚ್ತೀನಿ."

ಬ್ಲೇಡು ತೆಗೆದು ತೋಳಿನ ಹೊಲಿಗೆ ಬಿಚ್ಚಿದ. ಲೈನಿಂಗ್ ಸರಿಸಿದ. ಒಳಗೆ ಅರ್ಧ ಇಂಚು. ಬೆರಳು ಹಾಕಿ ಹುಡುಕಿದ. ಇನ್ನೊಂದು ತೋಳು ಬಿಚ್ಚಿದ. ಕೆಳಗಿನ ಅಂಚು ಬಿಚ್ಚಿದ. ಆಮೇಲೆ ಹಳೆಯ ಅಳತೆ ಪುಸ್ತಕ ತೆಗೆದು ಪುಟ ತಿರುವಿದ. ಹದಿಮೂರೂವರೆ, ಮತ್ತೆರಡು, ನನ್ನ ಅಕ್ಷರದಲ್ಲೇ ಇದೆ. ಪುಸ್ತಕ ನೋಡಿದ, ಕೋಟು ನೋಡಿದ, ಕೊನೆಗೆ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ನಾನೇ ಕತ್ತರಿಸ್ಬಿಟ್ನಾ?" ಎಂದ. ಯಾರನ್ನು ಕೇಳಿದನೋ. "ಈ ಮಗು ಬೆಳೆಯಲ್ಲ ಅಂತ ನನ್ನ ಕೈಗೆ ಅನಿಸ್ಬಿಡ್ತಾ?"

ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಒದ್ದಾಡುತ್ತ, ಮೇಜಿನ ಮೇಲಿನ ಗುಂಡಿಗಳನ್ನು ಡಬ್ಬಿಗೆ ತುಂಬತೊಡಗಿದೆ. ಅಷ್ಟರಲ್ಲಿ ಹುಡುಗಿ ನನ್ನ ಹತ್ತಿರ ಬಂದು ಮಣಿಕಟ್ಟು ಹಿಡಿದುಕೊಂಡಳು.

"ಅಮ್ಮಾ, ನೋಡು! ಈ ಅಜ್ಜಿ ಕೈಲಿ ನನ್ನ ಕೋಟಿನ ಬಟ್ಟೆ!"

ಅವಳಿಗೆ ಸಂಭ್ರಮ. ಅಣ್ಣ ತಲೆಯೆತ್ತಿದ. ನನ್ನ ಕೈಯ ಮೇಲಿನ ಕೆಂಪು ದಿಂಬನ್ನು ಒಂದೂವರೆ ವರ್ಷದಲ್ಲಿ ಮೊದಲ ಸಲ ನೋಡುವವನಂತೆ ನೋಡಿದ. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು ಕತ್ತರಿಸಿದ್ದು," ಎಂದೆ. ಅಣ್ಣನಿಗಲ್ಲ, ಆ ತಾಯಿಗೆ. "ಇವನಲ್ಲ. ಇವನು ಬಿಟ್ಟಿದ್ದ. ನಿಮ್ಮ ಮಗು ಉಳಿಯಲ್ಲ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ನನ್ನ ಕೈ ಸೇದಿಹೋಗ!"

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಲ್ಲೇ ಇದ್ದ ಮಣೆಯ ಮೇಲೆ ಕುಳಿತುಕೊಂಡಳು. ಮಗಳು ಚಿಂದಿ ಮೂಟೆಯಲ್ಲಿ ಕೈಯಾಡಿಸುತ್ತಿರುವುದನ್ನು ನೋಡಿ ದನಿ ತಗ್ಗಿಸಿದಳು.

"ನಾನು ಇವಳ ಸ್ಕೂಲ್ ಬ್ಯಾಗು ತಂಗಿ ಮಗನಿಗೆ ಕೊಟ್ಬಿಟ್ಟಿದ್ದೆ, ಅಕ್ಕಾ. ಮನೆಗೆ ಬಂದ ದಿನಾನೇ ಕೇಳಿದ್ಳು, ನನ್ನ ಬ್ಯಾಗೆಲ್ಲಿ ಅಂತ."

"ಏನಂದ್ರಿ?"

"ಇಲಿ ಕಡೀತು ಅಂದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಣ್ಣ ಬಂದು ನನ್ನೆದುರು ನಿಂತ. ಬಡಿಯುತ್ತಾನೇನೋ ಅನ್ನಿಸಿತು, ಬಡಿಯಲಿ ಅಂತಲೂ ಅನ್ನಿಸಿತು.

"ಎಷ್ಟು ಜನರದ್ದು?" ಎಂದ.

"ಒಂಬತ್ತೂ."

ಅವನು ನರ್ಸಮ್ಮನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. ನಾನೇ ಕೇಳಬೇಕಾಯಿತು. ಆ ವರ್ಷದ ಒಂಬತ್ತು ಮಕ್ಕಳಲ್ಲಿ ಈಗ ಎಷ್ಟು ಜನ ಇದ್ದಾರೆ?

"ಎಷ್ಟು ಜನ ಅಂದ್ರೆ?" ನರ್ಸಮ್ಮ ಗದರಿದಳು. "ಏನಂದ್ಕೊಂಡಿದೀಯಾ ನೀನು? ವಾರ್ಡಿಗೆ ಬಂದವ್ರೆಲ್ಲಾ ಹೋಗೇಬಿಡ್ತಾರಾ? ಇಬ್ರು ಹೋದ್ರಮ್ಮಾ, ಪಾಪ. ಏಳು ಜನ ಮನೇಲಿದ್ದಾರೆ. ಒಬ್ಬ ಫುಟ್‌ಬಾಲ್ ಆಡ್ತಾನೆ."

ಏಳು. ಫೋನು ಮೇಜಿನ ಮೇಲಿಟ್ಟೆ, ಅದು ಜಾರಿ ನೆಲಕ್ಕೆ ಬಿತ್ತು. ಏಳು ಮಕ್ಕಳು ಎಲ್ಲೆಲ್ಲೋ ತೋಳು ಸಾಲದ ಅಂಗಿ ತೊಟ್ಟು ಬೆಳೆಯುತ್ತಿದ್ದರು. ಅಷ್ಟೂ ಮಕ್ಕಳನ್ನು ಒಂದೇ ಮಧ್ಯಾಹ್ನ ಮುಗಿಸಿಟ್ಟು ನಾನು ಕೈ ತೊಳೆದುಕೊಂಡು ಕಾಫಿ ಕುಡಿದಿದ್ದೆ.

ದಿಂಬನ್ನು ಬಿಚ್ಚಿದೆ. ಹೊಟ್ಟೆಯೊಳಗಿಂದ ನೀಲಿ, ಹಳದಿ, ಗೆರೆ, ಚುಕ್ಕಿ, ಎಂಟು ಮಕ್ಕಳ ಪಟ್ಟಿಗಳೂ ಮೇಜಿನ ಮೇಲೆ ಬಿದ್ದವು. ಅಣ್ಣ ಒಂದೊಂದನ್ನೇ ಬೆರಳಿಂದ ನೇವರಿಸಿ ಸಾಲಾಗಿ ಇಟ್ಟ. ಕೆಂಪು ಪಟ್ಟಿಯ ತುಂಬ ಸೂಜಿಯ ತೂತು. ಹುಡುಗಿ ಅದನ್ನು ಕಣ್ಣಿಗೆ ಹಿಡಿದು ಬೆಳಕಿನ ಕಡೆ ನೋಡಿ, "ನನ್ನ ಕೈಲೂ ಹೀಗೇ ಇತ್ತು, ಈಗ ಮುಚ್ಕೊಂಡಿದೆ," ಎಂದಳು. ನಾನು ಮುಖ ತಿರುಗಿಸಿದೆ.

ಕೆಂಪು ಪಟ್ಟಿಗಳನ್ನು ತೋಳಿಗೂ ಕೆಳಗಿನ ಅಂಚಿಗೂ ಜೋಡಿಸಿ ಹೊಲಿದೆ. ಎಷ್ಟೇ ಸಣ್ಣ ಹೊಲಿಗೆ ಹಾಕಿದರೂ ಜೋಡಣೆ ಕಾಣುತ್ತದೆ, ಏನು ಮಾಡಿದರೂ ಕಾಣುತ್ತದೆ. ಹುಡುಗಿ ತೊಟ್ಟು ಕನ್ನಡಿ ನೋಡಿಕೊಂಡಳು.

"ಇದು ಹೋದ ವರ್ಷದ ಬಾಕಿ ಆಯ್ತು," ಎಂದು ಅಣ್ಣ ಕೊರಳಿನಿಂದ ಟೇಪು ತೆಗೆದ. "ಮುಂದಿನ ವರ್ಷಕ್ಕೆ ಹೊಸದು ಬೇಕಲ್ಲ. ಮಣೆ ಮೇಲೆ ನಿಂತ್ಕೋ ತಾಯಿ."

ತಾಯಿ ಎದ್ದು ಮಣೆ ಬಿಟ್ಟುಕೊಟ್ಟಳು. ಹುಡುಗಿ ಹತ್ತಿ ನಿಂತು ಕೈ ಚಾಚಿದಳು. ನಾನು ಪುಸ್ತಕ ತೆರೆದು ಪೆನ್ಸಿಲ್ ಹಿಡಿದೆ.

"ತೋಳು, ಹದಿನೈದೂವರೆ," ಎಂದ ಅಣ್ಣ.

ಬರೆದೆ. ಅವನು ಟೇಪು ಕದಲಿಸಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ, ಹಿಡಿದುಕೊಂಡೇ ನಿಂತ. ಬೀದಿಯಲ್ಲಿ ಬೀಗದವನ ಸುತ್ತಿಗೆ ಸದ್ದು ಕೇಳುತ್ತಿತ್ತು. ಬರೆದ ಅಂಕಿಯ ಮೇಲೆಯೇ ಮತ್ತೆ ಪೆನ್ಸಿಲ್ ಆಡಿಸಿದೆ. ಹುಡುಗಿಯ ಕೈ ಸೋತು ಸ್ವಲ್ಪ ಇಳಿಯಿತು, ಆದರೂ ಅವನು ಕಾದ.

"ಮತ್ತೆರಡು," ಎಂದೆ.